12 ನಿಮಿಷದ ಗಮನದ ತರಬೇತಿ: ಚಿಂತೆ ಬಂದಾಗ ಮಾಡಿಸ್ಬೇಕಾ, ಬರದೇ ಇದ್ದಾಗ ಮಾಡಿಸ್ಬೇಕಾ?

ನಾಲೆ ಏರಿ
ಎಲ್ರಿಗೂ ನಮಸ್ಕಾರ. ಮಂಡ್ಯ ಕಡೆ ಹಳ್ಳಿಗಳಲ್ಲಿ ಆಪ್ತಸಲಹೆ ಮಾಡೋರಿಗೆ ಒಂದು ತರಬೇತಿ ಸಿದ್ಧ ಆಗ್ತಿದೆ. ಬಿಡದೆ ಕಾಡೋ ಚಿಂತೆಗೆ, ಕಳೆದುಹೋದದ್ದನ್ನೇ ಮೆಲುಕು ಹಾಕೋದಕ್ಕೆ ಮೆಟಾಕಾಗ್ನಿಟಿವ್ ಥೆರಪಿಯಲ್ಲಿ (ಯೋಚನೆ ಬಗ್ಗೆ ನಮಗಿರೋ ನಂಬಿಕೆಗಳ ಮೇಲೆ ಕೆಲಸ ಮಾಡೋ ಮಾತಿನ ಚಿಕಿತ್ಸೆ) ಗೋಡೆಯ ಒಂದು ಚುಕ್ಕೆ ಮೇಲೆ ಕಣ್ಣಿಟ್ಟು, ಸುತ್ತಲಿನ ಸದ್ದುಗಳನ್ನ ಇಟ್ಕೊಂಡು ಗಮನದ ಅಭ್ಯಾಸ ಮಾಡಿಸ್ತಾರಲ್ಲ, ಎಟಿಟಿ (ಅಟೆನ್ಶನ್ ಟ್ರೈನಿಂಗ್ ಟೆಕ್ನಿಕ್) ಅಂತ, ಅದನ್ನ ಕನ್ನಡದಲ್ಲೇ ಹೇಳಿಕೊಡ್ಬೇಕು. ಮೂರು ಕಡೆ ಸಿಕ್ಕು ಬಿದ್ದಿದೆ.

ಒಂದು, ಜನ ಇದನ್ನ ತಲೆನೋವಿನ ಮಾತ್ರೆ ಥರ ಬಳಸ್ತಾರೆ. ಚಿಂತೆ ಶುರುವಾದ ತಕ್ಷಣ ಕೂತು ಸದ್ದು ಕೇಳೋದು. ಒಂದು ವಾರ ಆದ್ಮೇಲೆ "ಏನೂ ಪ್ರಯೋಜನ ಆಗ್ಲಿಲ್ಲ" ಅಂತ ಬಿಟ್ಟುಬಿಡೋದು. ಎರಡು, ಹಳ್ಳಿ ಮನೇಲಿ ಯಾವ ಸದ್ದು ಆರಿಸ್ಬೇಕು? ಮೂರು, "ಯೋಚನೆ" ಅನ್ನೋ ಒಂದೇ ಪದ ಎಲ್ಲದಕ್ಕೂ ಬಳಕೆ ಆಗ್ತಿದೆ, ಕೇಳೋರಿಗೆ ಗೊಂದಲ. ತಿಳಿದೋರು ಬಿಡಿಸಿ ಹೇಳಿ.

ಗೋಡೆಯ ಚುಕ್ಕೆ
ಮೊದಲನೇದಕ್ಕೆ ಉತ್ತರ ಒಂದೇ: ಚಿಂತೆ ಬಂತು ಅನ್ನೋ ಕಾರಣಕ್ಕೆ ಮಾಡಿಸ್ಲೇಬೇಡಿ. ದಿನಕ್ಕೆ ಒಂದು ಸಲವಾದ್ರೂ, ಹೊತ್ತು ಗೊತ್ತು ಮಾಡಿಕೊಂಡು, ಮನಸ್ಸು ಹೇಗಿದ್ರೂ ಮಾಡೋ ಅಭ್ಯಾಸ ಇದು. ಗರಡಿ ಮನೇಲಿ ಸಾಮು ಮಾಡೋದು ಕುಸ್ತಿ ಅಖಾಡದಲ್ಲಲ್ಲ ತಾನೆ? ಹಾಗೆ.

ಕಾರಣ ಹೇಳ್ತೀನಿ. ಚಿಂತೆ ಬಂದಾಗ್ಲೇ ಮಾಡಿದ್ರೆ, ಅದನ್ನ ಓಡಿಸೋ ಉಪಾಯ ಆಗಿಬಿಡುತ್ತೆ. ಆಗ ಮನುಷ್ಯ ಸದ್ದು ಕೇಳ್ತಾ ಕೇಳ್ತಾನೇ ಒಳಗೆ ಇಣುಕಿ ನೋಡ್ತಾನೆ: ಹೋಯ್ತಾ? ಇನ್ನೂ ಇದೆಯಾ? ಆ ಇಣುಕಿ ನೋಡೋದೇ ಕಾಯಿಲೆಯ ಬೇರು. ಅದನ್ನ ಬಿಡಿಸೋಕೆ ಹೋಗಿ ಅದನ್ನೇ ದಿನಾ ರೂಢಿ ಮಾಡಿಸಿದ ಹಾಗಾಗುತ್ತೆ. ಮೇಲಾಗಿ "ಯೋಚ್ನೆ ಅಪಾಯಕಾರಿ, ಅದನ್ನ ತಕ್ಷಣ ನಿಲ್ಲಿಸ್ಬೇಕು" ಅನ್ನೋ ನಂಬಿಕೆ ಇನ್ನೂ ಗಟ್ಟಿಯಾಗುತ್ತೆ.

ಅಭ್ಯಾಸದ ಉದ್ದೇಶ ನೆಮ್ಮದಿ ಅಲ್ಲ. ಒಳಗೆ ಏನೇ ಗದ್ದಲ ಇರ್ಲಿ, ಗಮನವನ್ನ ಎಲ್ಲಿಡ್ಬೇಕು ಅನ್ನೋದು ನನ್ನ ಕೈಲಿದೆ ಅಂತ ಅವರು ಸ್ವತಃ ಕಂಡುಕೊಳ್ಳೋದು. ಅಷ್ಟೇ.

ಕುವೆಂಪುನಗರ 2
ಇದು ತ್ರಾಟಕವೇ ಅಲ್ವಾ? ಅದರಲ್ಲೂ ಒಂದೇ ಕಡೆ ದೃಷ್ಟಿ ನೆಡಬೇಕು. ಮೈಸೂರಿನಲ್ಲಿ ಯೋಗ ಕಲಿಸೋ ಜಾಗಕ್ಕೇನು ಬರ. ಜನಕ್ಕೆ ಪರಿಚಯ ಇರೋ ಹೆಸರಲ್ಲೇ ಹೇಳಿಕೊಡಿ.

ಗೋಡೆಯ ಚುಕ್ಕೆ
@ಕುವೆಂಪುನಗರ 2, ಅಲ್ಲ ಕಣ್ರೀ. ತ್ರಾಟಕದಲ್ಲಿ ಕಣ್ಣು, ಗಮನ ಎರಡೂ ದೀಪದ ಮೇಲೆ. ಇಲ್ಲಿ ಚುಕ್ಕೆ ಮೇಲೆ ಇರೋದು ಕಣ್ಣು ಮಾತ್ರ. ಕಣ್ಣು ಅಲ್ಲಾಡದೆ ಇದ್ದಾಗ್ಲೂ ಗಮನ ಬಲಕ್ಕೆ, ಎಡಕ್ಕೆ, ಹಿಂದಕ್ಕೆ, ದೂರಕ್ಕೆ ಹೋಗ್ಬೇಕು. ಗಮನ ಓಡಾಡೋದೇ ಇಲ್ಲಿ ಕಸರತ್ತು. ಗೋಡೆಗೆ ಒಂದು ಸ್ಟಿಕ್ಕರ್ ಬೊಟ್ಟು ಅಂಟಿಸಿದ್ರೆ ಸಾಕು, ಕೂತಾಗ ಕಣ್ಣಿನ ಮಟ್ಟಕ್ಕೆ. ಕಣ್ಣು ಮುಚ್ಚೋ ಹಾಗಿಲ್ಲ. ರೆಪ್ಪೆ ಬಡಿಯೋದಕ್ಕೆ ಅಡ್ಡಿ ಇಲ್ಲ.

ಯೋಗದ ಹೆಸರಲ್ಲಿ ಕಲಿಸಿದ್ರೆ ಇನ್ನೊಂದು ತೊಡಕು. ಜನ ಶಾಂತಿ ಹುಡುಕೋಕೆ ಶುರು ಮಾಡ್ತಾರೆ. ಈ ವಿಧಾನ ಹುಟ್ಟಿದ್ದು ಹೇಗೆ ನೋಡಿ: ಈ ಥೆರಪಿ ರೂಪಿಸಿದ ಮನಶ್ಶಾಸ್ತ್ರಜ್ಞ ಏಡ್ರಿಯನ್ ವೆಲ್ಸ್ 1990ರಲ್ಲಿ ಇದನ್ನ ಮೊದಲು ವರದಿ ಮಾಡಿದ್ದು ಪ್ಯಾನಿಕ್ (ದಿಢೀರ್ ಬರೋ ವಿಪರೀತ ಗಾಬರಿ) ಇದ್ದು, ಮೈ ಸಡಿಲ ಬಿಡೋ ಅಭ್ಯಾಸ ಮಾಡಿದ್ರೆ ಗಾಬರಿ ಜಾಸ್ತಿಯಾಗ್ತಿದ್ದ ರೋಗಿಯ ವಿಷಯದಲ್ಲಿ. ಆರಾಮ ಮಾಡಿಕೊಳ್ಳಿ ಅನ್ನೋದೇ ತೊಂದರೆ ಆದಾಗ ಹುಡುಕಿದ ದಾರಿ ಇದು. ಅದಕ್ಕೆ ಮತ್ತೆ ಆರಾಮದ ಬಣ್ಣ ಹಚ್ಚೋದು ಬೇಡ.

ಆಲೆಮನೆ
ಸದ್ದಿನ ವಿಷಯಕ್ಕೆ ಬರ್ತೀನಿ, ಇದ್ರಲ್ಲೇ ಜಾಸ್ತಿ ಎಡವೋದು.

ಕನಿಷ್ಠ ಆರು ಬೇಕು. ಮೂರು ಕೋಣೆ ಒಳಗಿನವು, ಮೂರು ಹೊರಗಿನವು. ಅದರ ಮೇಲೆ "ನಿಮ್ಮ ಬಲಕ್ಕೆ ಏನು ಕೇಳ್ಬಹುದು, ಬೆನ್ನ ಹಿಂದೆ ಏನು ಕೇಳ್ಬಹುದು" ಅಂತ ಬರೀ ದಿಕ್ಕುಗಳನ್ನೂ ಸೇರಿಸ್ಬಹುದು, ಅಲ್ಲಿ ಸದ್ದು ಇರ್ಲಿ ಬಿಡ್ಲಿ. ಒಳಗಿಗೆ ಗೋಡೆ ಗಡಿಯಾರ, ಫ್ಯಾನು, ಮೂಲೇಲಿ ಸ್ಟೇಷನ್ ಹಿಡಿಯದೆ ಕರಕರ ಅನ್ನೋ ರೇಡಿಯೋ. ಕೊನೇದು ಚೆನ್ನಾಗಿ ಕೆಲಸ ಮಾಡುತ್ತೆ, ಯಾಕಂದ್ರೆ ಅದಕ್ಕೆ ಅರ್ಥ ಇಲ್ಲ. ಹಾಡು, ವಾರ್ತೆ ಹಾಕಬೇಡಿ, ಮನಸ್ಸು ಅದರ ಅರ್ಥದ ಹಿಂದೆ ಹೋಗುತ್ತೆ. ಹೊರಗಿಗೆ ರಸ್ತೆ, ಹಕ್ಕಿ, ದೂರದ ರೈಲು. ನಮ್ಮ ಕಡೆ ಆದ್ರೆ ಗಾಣದ ಮೋಟ್ರು, ಕಬ್ಬು ಹೊತ್ತ ಟ್ರ್ಯಾಕ್ಟ್ರು, ಮಳೆಗಾಲದಲ್ಲಿ ಗದ್ದೆ ಕಪ್ಪೆ.

ಸದ್ದು ಸಣ್ಣದಿರ್ಬೇಕು. ಜೋರಾಗಿದ್ರೆ ಅದೇ ಕಿವಿಗೆ ಬಂದು ಬಡಿಯುತ್ತೆ, ನಿಮ್ಮ ಶ್ರಮ ಬೇಕಾಗಲ್ಲ. ಶ್ರಮ ಇಲ್ದಿದ್ರೆ ತರಬೇತಿಯೂ ಇಲ್ಲ. ಗಡಿಯಾರ ಇರೋ ಗೋಡೆಗೆ ಒತ್ತಿ ಕೂರೋದಕ್ಕಿಂತ ಎದುರು ಗೋಡೆ ಹತ್ರ ಕೂತು ಹುಡುಕಿಕೊಂಡು ಕೇಳೋದು ಒಳ್ಳೇದು.

ಕುಕ್ಕರ್ ವಿಶಲ್ ಅಂತ ಬರೀತಾರೆ ಕೆಲವರು. ಅದು ಬಿಟ್ಟು ಬಿಟ್ಟು ಬರುತ್ತೆ, ಮುಂದಿನದು ಯಾವಾಗ ಅಂತ ಕಾಯೋದು, ಎಷ್ಟಾಯ್ತು ಅಂತ ಲೆಕ್ಕ ಇಡೋದು ಶುರುವಾಗುತ್ತೆ. ಬೇಡ.

ಬನ್ನೂರು ರಸ್ತೆ
ಆಲೆಮನೆಯವರ ಮಾತಿಗೆ ಒಂದು ಸೇರಿಸ್ತೀನಿ. ಅವರವರ ಭಯಕ್ಕೆ ಅಂಟಿಕೊಂಡಿರೋ ಸದ್ದು ಪಟ್ಟಿಯಲ್ಲಿ ಬೇಡ, ಕಡೇಪಕ್ಷ ಮೊದಲ ವಾರಗಳಲ್ಲಿ. ಮಗಳು ಮನೆಗೆ ಬರೋದು ತಡವಾದ್ರೆ ಜೀವ ಕೈಲಿ ಹಿಡ್ಕೊಂಡು ಕೂರೋ ತಾಯಿಗೆ ಗೇಟಿನ ಸದ್ದು ಕೊಟ್ರೆ, ಆಯಮ್ಮ ಗಮನದ ಅಭ್ಯಾಸ ಮಾಡ್ತಿಲ್ಲ, ಕಾಯ್ತಿದ್ದಾರೆ. ತ್ರೀ ಫೇಸ್ ಕರೆಂಟು ಯಾವಾಗ ಬರುತ್ತೋ ಅಂತ ಕೂತಿರೋ ರೈತನಿಗೆ ಪಂಪ್‌ಸೆಟ್ ಸದ್ದೂ ಹಾಗೇ. ಹೊರಗೆ ಕಿವಿ ಕೊಟ್ಟ ಹಾಗೆ ಕಾಣುತ್ತೆ, ನಿಜವಾಗಿ ನಡೀತಿರೋದು ಅಪಾಯದ ಕಾವಲು. ಫೋನು ಇನ್ನೊಂದು ಕೋಣೇಲಿರ್ಲಿ.

ಕಾರಂಜಿ ಕಟ್ಟೆ
ಬೆಳಗ್ಗೆ ಕಸದ ಗಾಡಿ ಹಾಡು ಬಂದಾಗ ಏನು ಮಾಡೋದು? ಮೈಸೂರಲ್ಲಿ ಅದನ್ನ ತಪ್ಪಿಸೋಕಾಗಲ್ಲ.

ಆಲೆಮನೆ
@ಕಾರಂಜಿ ಕಟ್ಟೆ, ತಪ್ಪಿಸ್ಬೇಡಿ. ಬರ್ಲಿ, ಹೋಗ್ಲಿ. ಗಮನ ಅತ್ತ ಎಳೆದ್ರೆ ಮತ್ತೆ ಗಡಿಯಾರಕ್ಕೆ ತರೋದೇ ಅವತ್ತಿನ ಒಳ್ಳೇ ಅಭ್ಯಾಸ. ತಲೆಯೊಳಗಿನ ಯೋಚ್ನೆಗೂ ಅದೇ ನಿಯಮ: ಅದೂ ಒಂದು ಸದ್ದು, ಬಂತು, ಬರ್ಲಿ. ಓಡಿಸೋಕೂ ಹೋಗ್ಬೇಡಿ, ಹಿಂದೆ ಹೋಗ್ಲೂ ಬೇಡಿ.

ಪೃಚ್ಛಕ
ಹಂತಗಳನ್ನ ಯಾರೂ ಸರಿಯಾಗಿ ಹೇಳಿಲ್ಲ, ಬರೀತೀನಿ. ಮೊದಲ 5 ನಿಮಿಷ ಆಯ್ದ ಗಮನ: ಒಂದೊಂದೇ ಸದ್ದಿನ ಮೇಲೆ ಪೂರ್ತಿ ನಿಲ್ಲೋದು, ಮಿಕ್ಕಿದ್ದು ಹಿನ್ನೆಲೆಗೆ. ಆಮೇಲಿನ 5 ನಿಮಿಷ ಗಮನ ಬದಲಿಸೋದು: ಒಂದರಿಂದ ಇನ್ನೊಂದಕ್ಕೆ, ಮೊದಲು ಸುಮಾರು 10 ಸೆಕೆಂಡಿಗೊಮ್ಮೆ, ಆಮೇಲೆ 5 ಸೆಕೆಂಡಿಗೊಮ್ಮೆ. ಕೊನೆಯ 2 ನಿಮಿಷ ಹಂಚಿದ ಗಮನ: ಎಲ್ಲ ಸದ್ದನ್ನೂ ಒಟ್ಟಿಗೆ ಹಿಡಿಯೋದು, ಏಕಕಾಲಕ್ಕೆ ಎಷ್ಟು ಕೇಳ್ತಿದೆ ಅಂತ ನೋಡೋದು. ಒಟ್ಟು 12.

ಈ ಕೊನೆ ಹಂತ ಕಂಡಾಗೆಲ್ಲ ಅಷ್ಟಾವಧಾನದ ಘಂಟಾವಾದನ ನೆನಪಾಗುತ್ತೆ. ಅವಧಾನಿ ಪದ್ಯ ಕಟ್ತಿರ್ತಾರೆ, ನಿಷೇಧಾಕ್ಷರಿಯವರು ಅಕ್ಷರ ತಡೀತಿರ್ತಾರೆ, ಅಪ್ರಸ್ತುತ ಪ್ರಸಂಗದವರು ತಲೆಹರಟೆ ಪ್ರಶ್ನೆ ಎಸೀತಿರ್ತಾರೆ, ಮಧ್ಯೆ ಮಧ್ಯೆ ಬಾರಿಸೋ ಗಂಟೆ ಎಷ್ಟು ಸಲ ಬಾರಿಸಿತು ಅಂತ ಕೊನೇಲಿ ಹೇಳ್ಬೇಕು. ಗಮನಕ್ಕೆ "ಅವಧಾನ" ಅನ್ನೋ ಪದ ನಮ್ಮಲ್ಲೇ ಇದೆ. "ಅವಧಾನ ತರಬೇತಿ" ಅಂತಲೇ ಕರೀಬಹುದಲ್ಲ?

ಗೋಡೆಯ ಚುಕ್ಕೆ
ಹೆಸರು ಚೆಂದ, ಆದ್ರೆ ಬೇಡ ಅನ್ಸುತ್ತೆ ಪೃಚ್ಛಕರೇ. ಅವಧಾನದಲ್ಲಿ ಗಂಟೆ ಲೆಕ್ಕ ತಪ್ಪಿದ್ರೆ ಸೋಲು. ಅಲ್ಲಿ ನೆನಪಿಗೂ ಪರೀಕ್ಷೆ ಇದೆ. ಇಲ್ಲಿ ಅಂಕ ಇಲ್ಲ. ಬಹಳ ಚಿಂತೆ ಮಾಡೋರು ಎಲ್ಲದರಲ್ಲೂ "ಸರಿಯಾಗಿ ಮಾಡ್ತಿದ್ದೀನಾ" ಅಂತ ತಮ್ಮನ್ನೇ ಅಳೆಯೋ ಜನ. ಅವರ ಕೈಗೆ ಇನ್ನೊಂದು ಅಳತೆಗೋಲು ಕೊಟ್ರೆ 12 ನಿಮಿಷವೂ ಅದರಲ್ಲೇ ಹೋಗುತ್ತೆ. ಎಷ್ಟು ಸದ್ದು ಕೇಳಿತು ಅಂತ ಕೇಳೋದು ಗಮನ ಅಗಲ ಆಗ್ಲಿ ಅಂತ, ಉತ್ತರ ಮುಖ್ಯ ಅಲ್ಲ.

ಒಂದೇ ಒಂದು ಅಳತೆ ಇರೋದು. ಅಭ್ಯಾಸದ ಮುಂಚೆ ಮತ್ತು ಆಮೇಲೆ, ಗಮನ ಎಷ್ಟು ಒಳಗಿದೆ ಎಷ್ಟು ಹೊರಗಿದೆ ಅಂತ -3ರಿಂದ +3ರವರೆಗೆ ಹೇಳಿಸೋದು. -3 ಅಂದ್ರೆ ಪೂರ್ತಿ ಹೊರಗೆ, +3 ಅಂದ್ರೆ ಪೂರ್ತಿ ತನ್ನೊಳಗೆ. ಮೊದಲ ಸಲ ಎದುರಿಗೆ ಕೂರಿಸಿ ಮಾಡಿಸಿದಾಗ ಕಡೇಪಕ್ಷ 2 ಅಂಕ ಹೊರಗಡೆಗೆ ಸರೀಬೇಕು. ಸರಿಯದೆ ಇದ್ರೆ ಮನೆಗೆ ಕಳಿಸ್ಬೇಡಿ, ಎಲ್ಲಿ ತೊಡಕಾಯ್ತು ಅಂತ ಕೇಳಿ ಮತ್ತೊಮ್ಮೆ ಮಾಡಿಸಿ. ಬಹುಪಾಲು ಕಾರಣ ಒಂದೇ ಇರುತ್ತೆ: ಯೋಚ್ನೆಯನ್ನ ತಳ್ಳೋಕೆ ಹೋಗಿರ್ತಾರೆ.

ಗಮನಿಸಿ, ಆತಂಕ ಎಷ್ಟಿದೆ ಅಂತ ಕೇಳೋ ಅಂಕ ಅಲ್ಲ ಇದು. ಅದನ್ನ ಕೇಳಿದ್ರೆ ಮತ್ತೆ ನೆಮ್ಮದಿ ಲೆಕ್ಕ ಶುರು.

ಗಂಜಾಂ ತೋಪು
ಮೂರನೇ ಪ್ರಶ್ನೆಗೆ, ಅಂದ್ರೆ "ಯೋಚನೆ" ಪದಕ್ಕೆ. ಇದು ತೊಂದರೆ ಅಂತ ಅಂದುಕೊಂಡಿದ್ದೀರಿ, ನಮ್ಮ ಭಾಷೆ ಇಲ್ಲಿ ದೊಡ್ಡ ಉಪಕಾರ ಮಾಡಿದೆ.

ನಾವು "ಯೋಚ್ನೆ ಬಂತು" ಅಂತೀವಿ. "ಯೋಚ್ನೆ ಮಾಡ್ದೆ" ಅಂತಲೂ ಅಂತೀವಿ. ಎರಡೂ ಬೇರೆ ಅಂತ ಮಂಡ್ಯದ ಯಾವ ಅಜ್ಜಿಗೂ ಪಾಠ ಮಾಡ್ಬೇಕಾಗಿಲ್ಲ. ಬರೋದು ತಾನಾಗೇ ಬರುತ್ತೆ, ಅದು ನಮ್ಮ ಕೈಲಿಲ್ಲ. ಮಾಡೋದು ನಾವು. ಇಡೀ ಚಿಕಿತ್ಸೆ ನಿಂತಿರೋದೇ ಈ ಎರಡು ಕ್ರಿಯಾಪದಗಳ ನಡುವಿನ ಸಂದಿಯಲ್ಲಿ. "ಬಂದದ್ದು ಯಾವುದು? ಆಮೇಲೆ ನೀವು ಮಾಡಿದ್ದು ಯಾವುದು? ಎಷ್ಟು ಹೊತ್ತು ಮಾಡಿದ್ರಿ?" ಅಂತ ಕೇಳಿ. ಉದಾಹರಣೆಗೆ: "ಹುಡುಗ ಬೆಂಗಳೂರಲ್ಲಿ ಊಟ ಮಾಡಿದ್ನೋ ಇಲ್ವೋ" ಅನ್ನೋದು ಬಂತು, ಒಂದು ಕ್ಷಣದ್ದು. ಅಲ್ಲಿಂದ ಹೊಟ್ಟೆಹುಣ್ಣು, ಆಸ್ಪತ್ರೆ, ಕೆಲಸ ಹೋಗೋದು, ಮದುವೆ ಆಗದೇ ಇರೋದು ಅಂತ ರಾತ್ರಿ ಎರಡು ಗಂಟೆವರೆಗೆ ಎಳೆದದ್ದು ಮಾಡಿದ್ದು.

ಹಾಗಾಗಿ "ಯೋಚನೆ ನಿಲ್ಲಿಸಿ" ಅಂತ ಯಾವತ್ತೂ ಹೇಳ್ಬೇಡಿ. ಬರೋದನ್ನೂ ನಿಲ್ಲಿಸ್ಬೇಕು ಅಂತ ಅವರು ತಿಳ್ಕೊಳ್ತಾರೆ, ಅದು ಯಾರ ಕೈಲೂ ಆಗಲ್ಲ. "ಬಂದ್ರೆ ಬರ್ಲಿ, ಮಾಡೋದು ಆಮೇಲೆ" ಅನ್ನಿ. ಹಳೇದನ್ನ ಕೆದಕೋದಕ್ಕೆ "ಮೆಲುಕು" ಪದ ಹೊಂದುತ್ತೆ, ಆದ್ರೆ ಕನ್ನಡದಲ್ಲಿ ಸವಿ ನೆನಪನ್ನೂ ಮೆಲುಕು ಹಾಕ್ತೀವಿ. "ಕೊರಗು" ಸೇರಿಸಿ ಹೇಳಿದ್ರೆ ಸ್ಪಷ್ಟ.

ನಾಲೆ ಏರಿ
ಗಂಜಾಂ ತೋಪಿನವರೇ, ಕೈ ಮುಗಿದೆ. ಬರೋದು/ಮಾಡೋದು, ಇದನ್ನೇ ತರಬೇತಿಯ ಮೊದಲ ಪಾಠ ಮಾಡ್ತೀವಿ.

ಕಬ್ಬಿನ ಗದ್ದೆ
ನನಗೊಂದು ತಕರಾರಿದೆ. ರೈತನ ಚಿಂತೆ ತಲೆಯೊಳಗಿನ ಗದ್ದಲ ಅಲ್ಲ ಸ್ವಾಮಿ. ನಾಲೆಗೆ ನೀರು ಬಿಡ್ತಾರೋ ಇಲ್ವೋ, ಕಾರ್ಖಾನೆ ಬಾಕಿ ಕೊಡುತ್ತೋ ಇಲ್ವೋ, ಇವು ನಿಜವಾದ ಸಂಕಟ. ಅಂಥೋನಿಗೆ ಗಡಿಯಾರದ ಸದ್ದು ಕೇಳು ಅನ್ನೋದು ಅವಮಾನ.

ಬನ್ನೂರು ರಸ್ತೆ
ತಕರಾರು ನ್ಯಾಯವಾದದ್ದೇ. ಸಂಕಟ ನಿಜ ಅಂತ ಮೊದಲು ಒಪ್ಪಿಕೊಳ್ಳದೆ ಮಾತು ಶುರು ಮಾಡೋ ಆಪ್ತಸಲಹೆಗಾರ ಅಲ್ಲೇ ಸೋತ. ಆದ್ರೆ ಕೇಳ್ಬೇಕಾದ ಪ್ರಶ್ನೆ, ಆ ಚಿಂತೆ ಕೆಲಸ ಮಾಡ್ತಿದೆಯಾ ಅನ್ನೋದು.

ಕೆಆರ್‌ಎಸ್ ನೀರಿನ ಮಟ್ಟವನ್ನೇ ತಗೊಳ್ಳಿ. ಗರಿಷ್ಠ 124.80 ಅಡಿ ಅಂತ ಇಲ್ಲಿ ಮಕ್ಕಳಿಗೂ ಗೊತ್ತು. ದಿನಕ್ಕೊಮ್ಮೆ ಮಟ್ಟ ನೋಡಿ, ಭತ್ತ ಹಾಕೋದೋ ರಾಗಿ ಹಾಕೋದೋ ಅಂತ ಮನೇಲಿ ಕೂತು ತೀರ್ಮಾನ ಮಾಡೋದು ಸಮಸ್ಯೆ ಬಿಡಿಸೋ ಕೆಲಸ. ಅದಕ್ಕೆ ಶುರು ಇದೆ, ಕೊನೆ ಇದೆ, ಕೊನೇಲಿ ಒಂದು ತೀರ್ಮಾನ ಇದೆ. ಅದೇ ಅಂಕಿಯನ್ನ ಮೊಬೈಲಲ್ಲಿ ಗಂಟೆಗೊಮ್ಮೆ ನೋಡೋದು, ಒಂದಂಗುಲ ಇಳಿದ್ರೆ ಎದೆ ಹಿಡಿದ ಹಾಗಾಗೋದು, ಏರಿದ್ರೂ "ನಾಳೆ ಬಿಟ್ಬಿಟ್ರೆ" ಅಂತ ಮತ್ತೆ ಶುರು ಮಾಡೋದು, ಇದರಲ್ಲಿ ಬೆಳೆಗೆ ಒಂದು ಹನಿ ನೀರೂ ಸಿಗಲ್ಲ. ಮೆಟಾಕಾಗ್ನಿಟಿವ್ ಥೆರಪಿ ಕೈ ಹಾಕೋದು ಎರಡನೇದಕ್ಕೆ ಮಾತ್ರ. ನೀರಿನ ಹೋರಾಟವನ್ನ ಬಿಡಿ ಅಂತ ಅದು ಹೇಳಲ್ಲ. ರಾತ್ರಿಯೆಲ್ಲ ಕೊರಗಿದೋನಿಗೆ ಬೆಳಗ್ಗೆ ಆಫೀಸಿಗೆ ಹೋಗಿ ಅರ್ಜಿ ಕೊಡೋ ತ್ರಾಣವೂ ಉಳಿಯಲ್ಲ.

ಕಬ್ಬಿನ ಗದ್ದೆ
ಹೀಗೆ ಹೇಳಿದ್ರೆ ಒಪ್ತೀನಿ. ಆದ್ರೆ "ಚಿಂತೆ ಮಾಡ್ದಿದ್ರೆ ಜವಾಬ್ದಾರಿ ಇಲ್ದೋನು" ಅಂತ ಮನೆಯೋರೇ ಅಂತಾರಲ್ಲ, ಅದಕ್ಕೇನು ಮಾಡ್ತೀರಿ?

ಗಂಜಾಂ ತೋಪು
ಅದೇ ನಂಬಿಕೆಯನ್ನ ಹೊರಗೆ ತೆಗೆದು ಮೇಜಿನ ಮೇಲಿಡ್ಬೇಕು. ಚಿಂತೆ ಬಗ್ಗೆ ಎರಡು ಥರ ನಂಬಿಕೆ ಇರುತ್ತೆ. "ಚಿಂತೆ ಮಾಡೋದ್ರಿಂದ ಒಳ್ಳೇದು, ಮೊದಲೇ ಸಿದ್ಧ ಇರ್ತೀನಿ" ಅನ್ನೋದು ಒಂದು. "ಚಿಂತೆ ನನ್ನ ಹಿಡಿತದಲ್ಲಿಲ್ಲ, ಇದರಿಂದ ತಲೆ ಕೆಟ್ಟೋಗುತ್ತೆ" ಅನ್ನೋದು ಇನ್ನೊಂದು. ಎರಡೂ ಒಬ್ಬರಲ್ಲೇ ಒಟ್ಟಿಗೆ ಇರುತ್ತೆ. ಚಿಂತೆಯ ಬಗ್ಗೆಯೇ ಚಿಂತೆ ಮಾಡೋ ಈ ಎರಡನೇ ಪದರವನ್ನ ವೆಲ್ಸ್ 1995ರಲ್ಲಿ ಬೇರೆ ಮಾಡಿ ತೋರಿಸಿದ್ದು. ಚಿಕಿತ್ಸೆಯಲ್ಲಿ ಮೊದಲು ಹಿಡಿತದಲ್ಲಿಲ್ಲ ಅನ್ನೋದನ್ನ ಹಿಡೀಬೇಕು, ಆಮೇಲೆ ಅಪಾಯ, ಜವಾಬ್ದಾರಿ ಮಾತು ಕೊನೆಗೆ. ಈ ಕ್ರಮ ತಪ್ಪಿಸಿ ಮೊದಲೇ "ಚಿಂತೆಯಿಂದ ಏನು ಲಾಭ" ಅಂತ ವಾದಕ್ಕಿಳಿದ್ರೆ, "ಲಾಭ ಇಲ್ಲ ಅಂತ ನಂಗೂ ಗೊತ್ತು, ನಿಲ್ಲಿಸೋಕಾಗ್ತಿಲ್ವಲ್ಲ" ಅಂತಾರೆ. ಅಲ್ಲಿಗೆ ಮಾತು ಮುಗೀತು.

ಪೃಚ್ಛಕ
ಇದಕ್ಕೇ ಒಂದು ತಿದ್ದುಪಡಿ ಎಲ್ಲರಿಗೂ. ಚಿಂತೆ ರೋಗಕ್ಕೆ, ಅಂದ್ರೆ ಸಾಮಾನ್ಯೀಕೃತ ಆತಂಕಕ್ಕೆ, ಎಟಿಟಿ ಕಡ್ಡಾಯ ಅಲ್ಲ. ಅಲ್ಲಿ ಮುಖ್ಯ ಸಾಧನ ಚಿಂತೆ ಮುಂದೂಡೋದು: ಬಂದದ್ದನ್ನ ಗುರುತಿಸಿ "ಸಂಜೆ ನೋಡೋಣ" ಅಂತ ಬಿಟ್ಟು, ಸಂಜೆ 15 ನಿಮಿಷ ಅದಕ್ಕೇ ಮೀಸಲಿಡೋದು. ಮಲಗೋ ಹೊತ್ತಿಗೆ ಹತ್ರ ಇಡ್ಬೇಡಿ. ಸಂಜೆ ಆದಾಗ ಬೇಕಿಲ್ಲ ಅನ್ಸಿದ್ರೆ ಆ 15 ನಿಮಿಷ ಬಳಸ್ಲೇಬೇಕು ಅಂತಿಲ್ಲ, ಇದನ್ನ ಒತ್ತಿ ಹೇಳಿ. ಮುಂಚೆ ಮತ್ತು ಒಂದು ವಾರದ ನಂತರ "ಚಿಂತೆ ನನ್ನ ಹಿಡಿತದಲ್ಲಿಲ್ಲ ಅಂತ 0ರಿಂದ 100ರಲ್ಲಿ ಎಷ್ಟು ನಂಬ್ತೀರಿ" ಅಂತ ಬರೆಸಿ.

ಖಿನ್ನತೆಯ ಕೊರಗಿಗೆ ಮಾತ್ರ ಪ್ರತಿ ಭೇಟಿಯಲ್ಲೂ ಎಟಿಟಿ ಮಾಡಿಸ್ತಾರೆ. ಅಲ್ಲಿ ಗಮನ ಜಡ್ಡುಗಟ್ಟಿರುತ್ತೆ, ಎಬ್ಬಿಸ್ಬೇಕು.

ಕುವೆಂಪುನಗರ 2
ಫೋನಲ್ಲಿ ಆಪ್ ಬಂದಿವೆಯಲ್ಲ, ಎರಡು ಮುಖ ತೋರಿಸಿ ಚುಕ್ಕೆ ಎಲ್ಲಿ ಬಂತು ಒತ್ತಿ ಅನ್ನೋದು. ಅದೂ ಗಮನದ ತರಬೇತಿ ಅಂತಲೇ ಹೆಸರು. ಅದೇ ಸುಲಭ ಅಲ್ವಾ?

ಗೋಡೆಯ ಚುಕ್ಕೆ
ಹೆಸರು ಒಂದೇ, ಜಾತಿ ಬೇರೆ. ಆ ಚುಕ್ಕೆ ಪರೀಕ್ಷೆ 1986ರಲ್ಲಿ ಮ್ಯಾಕ್ಲಿಯೋಡ್, ಮ್ಯಾಥ್ಯೂಸ್ ಮತ್ತು ಟಾಟಾ ಮಾಡಿದ್ದು, ಆತಂಕ ಇರೋರ ಗಮನ ಬೆದರಿಕೆಯ ಪದಗಳ ಕಡೆಗೆ ವಾಲುತ್ತೆ ಅಂತ ಅಳೆಯೋಕೆ. ಆಮೇಲೆ ಅದನ್ನೇ ತಿರುಗಿಸಿ, ಕೋಪದ ಮುಖದಿಂದ ಗಮನ ತಪ್ಪಿಸೋ ರೂಢಿ ಮಾಡಿಸಿದ್ರು. ಅದರ ಫಲಿತಾಂಶಗಳು ಒಂದು ಕಡೆ ಹೌದು, ಒಂದು ಕಡೆ ಇಲ್ಲ ಅನ್ನೋ ಹಾಗಿವೆ. ಅಲ್ಲಿ ಬದಲಾಗ್ಬೇಕಾದ್ದು ಕ್ಷಣಾರ್ಧದ, ಗೊತ್ತಿಲ್ಲದ ಅಭ್ಯಾಸ. ಎಟಿಟಿಯಲ್ಲಿ ನಡೆಯೋದು ಗೊತ್ತಿದ್ದು, ಬೇಕಂತಲೇ, ಶ್ರಮ ಹಾಕಿ ಗಮನವನ್ನ ಸರಿಸೋದು. ತರಬೇತಿಯಲ್ಲಿ ಎರಡನ್ನೂ ಬೆರೆಸ್ಬೇಡಿ.

ಕೇಳುಗ
ಕಿವಿ ವಿಷಯ ಯಾರೂ ಎತ್ತಿಲ್ಲ. ಶ್ರವಣಯಂತ್ರ ಹಾಕೋರು ಅದನ್ನ ಹಾಕಿಕೊಂಡೇ ಮಾಡ್ಲಿ. ಕಿವಿಯೊಳಗೆ ಗುಂಯ್ ಅನ್ನೋರಿಗೆ ಆ ಸದ್ದು ಹೋಗುತ್ತೆ ಅಂತ ಆಸೆ ತೋರಿಸ್ಬೇಡಿ, ಅದೂ ಹಿನ್ನೆಲೆ ಸದ್ದುಗಳಲ್ಲಿ ಒಂದು ಅಂತ ಬಿಟ್ಟು ಮುಂದೆ ಹೋಗ್ಬೇಕು. ಮೊದಲು ಪರೀಕ್ಷೆ ಆಗ್ಲಿ, ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಹತ್ರದಲ್ಲೇ ಇದೆ. ಹೊರಗಿನ ಸದ್ದು ಅಡಗಿಸೋ ಇಯರ್‌ಫೋನ್ ಹಾಕಿಕೊಂಡು ಮಾಡೋದು ವ್ಯರ್ಥ.

ಬನ್ನೂರು ರಸ್ತೆ
ಸಾಯೋ ಮಾತಾಡೋರು, ಇಲ್ಲದ ದನಿ ಕೇಳೋರು ಬಂದ್ರೆ ಈ ಅಭ್ಯಾಸ ಪಕ್ಕಕ್ಕಿಟ್ಟು ಅವತ್ತೇ ಮನೋವೈದ್ಯರ ಹತ್ರ ಕಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತಾಡ್ತಾರೆ. ಮಾತ್ರೆ ತಗೊಳ್ತಿರೋರು ಇದನ್ನ ಶುರು ಮಾಡಿದ್ವಿ ಅಂತ ನಿಲ್ಲಿಸ್ಬಾರದು.

ನಾಲೆ ಏರಿ
ಇಷ್ಟರ ಮೇಲೆ ಒಂದು ಕರಡು ಬರೆದಿದೆ, ನೋಡಿ:

"ಕುರ್ಚಿ ಮೇಲೆ ನೇರ ಕೂತ್ಕೊಳ್ಳಿ. ಗೋಡೆ ಬೊಟ್ಟನ್ನ ನೋಡ್ತಿರಿ. ಉಸಿರು ನಿಧಾನ ಎಳೆದು ಬಿಡಿ, ಮನಸ್ಸು ಶಾಂತ ಆಗ್ಲಿ. ಈಗ ಗಡಿಯಾರದ ಸದ್ದು. ನಿಮ್ಮ ಪೂರ್ತಿ ಗಮನ ಅದಕ್ಕೇ ಕೊಡಿ, ಬೇರೆ ಯಾವುದೂ ಈಗ ಮುಖ್ಯ ಅಲ್ಲ. ಗಮನ ಜಾರಿದ್ರೆ ಮತ್ತೆ ಗಡಿಯಾರಕ್ಕೇ ತನ್ನಿ. ಯೋಚ್ನೆ ಬಂದ್ರೆ ಬರ್ಲಿ, ಅದೂ ಒಂದು ಸದ್ದು. ಈಗ ಗಡಿಯಾರ ಬಿಟ್ಟು ಹೊರಗಿನ ಹಕ್ಕಿ ಸದ್ದಿಗೆ ಬನ್ನಿ..."

ಗೋಡೆಯ ಚುಕ್ಕೆ
ಮೂರನೇ ವಾಕ್ಯ ಪೂರ್ತಿ ಹೊಡೆದುಹಾಕಿ. ಉಸಿರು ಅಂದ್ರೆ ಗಮನ ಮತ್ತೆ ಮೈಯೊಳಗೆ ಹೋಯ್ತು, ಶಾಂತ ಅಂದ್ರೆ ಶಾಂತಿ ಬಂತಾ ಅಂತ ನೋಡೋಕೆ ಶುರು. ಮಿಕ್ಕಿದ್ದು ಚೆನ್ನಾಗಿದೆ.

ಪೃಚ್ಛಕ
ಎರಡನೇ ಹಂತದಲ್ಲಿ ಇಷ್ಟುದ್ದ ವಾಕ್ಯ ಬೇಡ. "ಈಗ ಗಡಿಯಾರ ಬಿಟ್ಟು ಹೊರಗಿನ ಹಕ್ಕಿ ಸದ್ದಿಗೆ ಬನ್ನಿ" ಅಂತ ಹೇಳಿ ಮುಗಿಸೋ ಹೊತ್ತಿಗೆ 5 ಸೆಕೆಂಡು ಆಯ್ತು. "ಗಡಿಯಾರ... ಹಕ್ಕಿ... ಫ್ಯಾನು... ಬೆನ್ನ ಹಿಂದೆ... ರಸ್ತೆ" ಅಂತ ಬರೀ ಹೆಸರು ಹೇಳಿ. ಕ್ರಮವೂ ಪ್ರತಿ ಸಲ ಬದಲಾಗ್ಲಿ, ಬಾಯಿಪಾಠ ಆದ್ರೆ ಗಮನ ಕೆಲಸ ಮಾಡೋದನ್ನ ನಿಲ್ಲಿಸುತ್ತೆ. ಧ್ವನಿಮುದ್ರಣ ಕೊಡೋದಾದ್ರೆ ಮೂರು ನಾಲ್ಕು ಬೇರೆ ಬೇರೆ ಕ್ರಮದಲ್ಲಿ ಮಾಡಿ ಕೊಡಿ.

ನಾಲೆ ಏರಿ
ಉಸಿರು, ಶಾಂತ ಎರಡೂ ತೆಗೆದೆ. ನಾಲ್ಕು ಕ್ರಮದಲ್ಲಿ ಮುದ್ರಣ ಮಾಡಿಸ್ತೀವಿ. ಇನ್ನೊಂದೇ ಪ್ರಶ್ನೆ: ನಮ್ಮ ಕಡೆ ಸಂಜೆ ಕರೆಂಟು ಹೋಗುತ್ತೆ, ಫ್ಯಾನು ನಿಲ್ಲುತ್ತೆ. ಮಧ್ಯೆ ನಿಂತ್ರೆ ಮೊದಲಿಂದ ಶುರು ಮಾಡಿಸ್ಬೇಕಾ?

ಆಲೆಮನೆ
ಬೇಡ. ಫ್ಯಾನಿನ ಸರದಿ ಬಂದಾಗ ಅದು ಇದ್ದ ಜಾಗಕ್ಕೇ ಗಮನ ಕೊಡೋಕೆ ಹೇಳಿ, ಅಲ್ಲಿ ಈಗ ಏನು ಕೇಳ್ತಿದೆ ಅಂತ. ಕರೆಂಟು ಹೋದಾಗ ಊರಿನ ಸಣ್ಣ ಸದ್ದುಗಳೆಲ್ಲ ಮೇಲೆ ಬರುತ್ತೆ. ಮುಂದಿನ ಹಂತಕ್ಕೆ ಅವನ್ನೇ ಎತ್ತಿಕೊಳ್ಳಿ. ಕತ್ತಲಾಗಿದ್ರೆ ಬೊಟ್ಟಿನ ಹತ್ರ ಒಂದು ಟಾರ್ಚು ಇಡಿ.